ಎರಡು ಮಗ್ಗ, ಒಂದು ಇನ್ವರ್ಟರ್: ಆರಂಭದ ಅರ್ಧ ಸೆಕೆಂಡಿನ ಹೊರೆಯನ್ನು ಯಾರು ಹೊರಬೇಕು? (ಪ್ರಕರಣ ಅಧ್ಯಯನ)

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಸೀಮೆಯ ಒಂದು ನೇಕಾರ ಕುಟುಂಬಕ್ಕಾಗಿ ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಕಾರ್ಯಾಗಾರವು ಇನ್ವರ್ಟರ್ ಕಟ್ಟಿಕೊಟ್ಟ ಸಂಗತಿಯನ್ನು ಇಲ್ಲಿ ದಾಖಲಿಸಿದ್ದೇನೆ. ವಿನ್ಯಾಸದ ಹೊಣೆ ನನ್ನದಾಗಿತ್ತು. ಕುಟುಂಬ ಮತ್ತು ಕಾರ್ಯಾಗಾರದ ಗುರುತು ಬಿಟ್ಟುಕೊಡುವ ವಿವರಗಳನ್ನು ಕೈಬಿಟ್ಟಿದ್ದೇನೆ; ಅಳತೆಗಳನ್ನು ಓದಲು ಅನುಕೂಲವಾಗುವಂತೆ ದುಂಡು ಸಂಖ್ಯೆಗಳಲ್ಲಿ ಕೊಟ್ಟಿದ್ದೇನೆ.

ಮನೆಯ ಹಿಂಬದಿಗೆ ತಗಡಿನ ಶೆಡ್ಡು, ಅದರಲ್ಲಿ ಸೀರೆ ನೇಯುವ ಎರಡು ವಿದ್ಯುತ್ ಮಗ್ಗಗಳು. ಪ್ರತಿಯೊಂದಕ್ಕೂ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರು. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಬಾರಿ ಕರೆಂಟು ಹೋಗುತ್ತಿತ್ತು, ಒಮ್ಮೆ ಹೋದರೆ ಒಂದೆರಡು ಗಂಟೆ ಬರುತ್ತಿರಲಿಲ್ಲ. ನಿಂತ ಹೊತ್ತಿನ ಕೂಲಿ ಹೋಗುವುದು ಒಂದು ನಷ್ಟವಾದರೆ, ನಿಂತು ಮತ್ತೆ ಆರಂಭವಾದ ಜಾಗದಲ್ಲಿ ಹೊಕ್ಕಿನ (ಅಡ್ಡ) ಎಳೆಗಳ ಅಂತರ ಬದಲಾಗಿ ಬಟ್ಟೆಯ ಮೇಲೆ ಅಡ್ಡಗೆರೆ ಮೂಡುವುದು ಇನ್ನೊಂದು ನಷ್ಟ. ಮನೆಯ ಯಜಮಾನಿ ಇಂಥ ಒಂದೊಂದು ಗೆರೆಗೂ ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರು. ಸೀರೆ ಒಯ್ಯಲು ಬರುವ ವ್ಯಾಪಾರಿ ಎಷ್ಟು ಹಣ ಮುರಿಯಬಹುದೆಂಬುದಕ್ಕೆ ಅದೇ ಅವರ ಲೆಕ್ಕವಾಗಿತ್ತು. ಮುಂದೆ ನಮ್ಮ ಯಾವ ಮೀಟರಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಗೀಟುಗಳೇ.

ಮನೆಯ ದೀಪ, ಫ್ಯಾನುಗಳಿಗೆಂದು ಕೊಂಡಿದ್ದ 24 ವೋಲ್ಟಿನ ಸ್ಕ್ವೇರ್ ವೇವ್ (ನುಣುಪಾಗಿ ಏರಿಳಿಯದೆ ಚೌಕಾಕಾರದ ಅಲೆ ಕೊಡುವ) ಇನ್ವರ್ಟರ್ ಮತ್ತು 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿಗಳು ಅವರಲ್ಲಿ ಮೊದಲೇ ಇದ್ದವು. ಮಗ್ಗದ ಗುಂಡಿ ಒತ್ತಿದರೆ ಆ ಇನ್ವರ್ಟರ್ ಓವರ್‌ಲೋಡ್ ಎಂದು ನಿಂತುಬಿಡುತ್ತಿತ್ತು. ಅವರು ನಮ್ಮ ಮುಂದಿಟ್ಟ ಬೇಡಿಕೆ ಮೂರು: ಎರಡೂ ಮಗ್ಗ ಎರಡು ಗಂಟೆ ನಡೆಯಬೇಕು, ಇರುವ ಬ್ಯಾಟರಿಗಳು ವ್ಯರ್ಥವಾಗಬಾರದು, ಕೆಟ್ಟರೆ ಊರಲ್ಲೇ ರಿಪೇರಿ ಆಗಬೇಕು. ಬೆಳಗಾವಿಗೆ ಹೋಗಿ ಬರಲು ಒಂದು ದಿನದ ದುಡಿಮೆ ಹೋಗುತ್ತದೆಂಬುದು ಮೂರನೆಯದಕ್ಕೆ ಕಾರಣ.

ಸಮಸ್ಯೆಯ ಗಾತ್ರ

ಓಡುತ್ತಿರುವಾಗ ಒಂದೊಂದು ಮೋಟಾರು ಸುಮಾರು 800 ವ್ಯಾಟ್ ಎಳೆಯುತ್ತಿತ್ತು. ಎರಡಕ್ಕೆ 1.6 ಕಿಲೋವ್ಯಾಟ್. ಇಷ್ಟೇ ಆಗಿದ್ದರೆ 3 ಕೆವಿಎ (ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧ, ಸಾವಿರಗಳಲ್ಲಿ) ಇನ್ವರ್ಟರ್ ನಿರಾಯಾಸವಾಗಿ ಸಾಕಾಗುತ್ತಿತ್ತು. ಆದರೆ ನಿಂತ ಮೋಟಾರಿಗೆ ವಿದ್ಯುತ್ ಕೊಟ್ಟ ಕ್ಷಣದಲ್ಲಿ ಅದು ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಕ್ಲ್ಯಾಂಪ್ ಮೀಟರಿನಲ್ಲಿ ನಾವು ಕಂಡದ್ದು 38 ಆಂಪಿಯರ್, ಅಂದರೆ ಹೆಚ್ಚುಕಡಿಮೆ 8.7 ಕೆವಿಎ, ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ಖರ್ಚಾಗುವ ಪಾಲು) ಲೆಕ್ಕ ಹಾಕಿದರೆ ಬ್ಯಾಟರಿಯಿಂದ ಬರಬೇಕಾದ ನಿಜವಾದ ಶಕ್ತಿ ಐದೂವರೆ ಕಿಲೋವ್ಯಾಟ್. ಒಂದು ಸೆಕೆಂಡಿಗಿಂತ ಕಡಿಮೆ ಕಾಲ ಬರುವ ಈ ಹೊರೆಗಾಗಿ ಇಡೀ ಯಂತ್ರವನ್ನು ಎಷ್ಟು ದೊಡ್ಡದು ಮಾಡಬೇಕು ಎಂಬುದೇ ಈ ಪ್ರಕರಣದ ಮುಖ್ಯ ಪ್ರಶ್ನೆ.

ಮೊದಲ ನಿರ್ಧಾರಗಳು

ಅಲೆಯ ಆಕಾರದ ವಿಚಾರದಲ್ಲಿ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಸ್ಕ್ವೇರ್ ವೇವ್‌ನಲ್ಲಿ ಮೂಲ ಆವರ್ತನದ ಜೊತೆಗೆ ಮೂರನೆಯ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಅಲೆ) ಮೂರನೇ ಒಂದರಷ್ಟು, ಐದನೆಯದು ಐದನೇ ಒಂದರಷ್ಟು ಸೇರಿರುತ್ತವೆ. ಮೋಟಾರಿನ ರನ್ನಿಂಗ್ ಕೆಪ್ಯಾಸಿಟರ್‌ಗೆ ಇದು ವಿಶೇಷವಾಗಿ ಕೆಟ್ಟದ್ದು. ಆವರ್ತನ ಮೂರು ಪಟ್ಟಾದರೆ ಕೆಪ್ಯಾಸಿಟರ್‌ನ ತಡೆ ಮೂರನೇ ಒಂದಕ್ಕೆ ಇಳಿಯುವುದರಿಂದ, ಮೂರನೇ ಒಂದರಷ್ಟಿರುವ ಹಾರ್ಮೋನಿಕ್ ಕೂಡ ಮೂಲ ಅಲೆಯಷ್ಟೇ ಕರೆಂಟನ್ನು ಅದರೊಳಗೆ ನುಗ್ಗಿಸುತ್ತದೆ, ಐದನೆಯದೂ ಹಾಗೆಯೇ. ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುವುದಕ್ಕೆ ಮೊದಲೇ ಕೆಪ್ಯಾಸಿಟರ್ ಉಬ್ಬಿ ಹೋಗುತ್ತದೆ. ಆದ್ದರಿಂದ ಸೈನ್ ವೇವ್ (ಲೈನಿನ ಕರೆಂಟಿನಂತೆ ನುಣುಪಾದ ಅಲೆ) ಎಂದು ಮೊದಲ ದಿನವೇ ತೀರ್ಮಾನಿಸಿದೆವು.

ಟ್ರಾನ್ಸ್‌ಫಾರ್ಮರ್ ವಿಚಾರದಲ್ಲಿ ಎರಡು ದಾರಿಗಳಿದ್ದವು. ಫೆರೈಟ್ (ಕಬ್ಬಿಣದ ಆಕ್ಸೈಡಿನ ಪಿಂಗಾಣಿಯಂಥ ವಸ್ತು) ಕೋರ್ ಬಳಸಿ ಬ್ಯಾಟರಿಯ ವೋಲ್ಟೇಜನ್ನು ಮೊದಲು 380 ವೋಲ್ಟ್ ಡಿಸಿಗೆ ಏರಿಸಿ, ಅದರಿಂದ ಸೈನ್ ಅಲೆ ಕಡೆಯುವುದು ಒಂದು. ಬ್ಯಾಟರಿಯ ವೋಲ್ಟೇಜಿನಲ್ಲೇ ಅಲೆ ಕಡೆದು ಕಬ್ಬಿಣದ ಕೋರಿನ ಟ್ರಾನ್ಸ್‌ಫಾರ್ಮರ್ ಮೂಲಕ 230ಕ್ಕೆ ಏರಿಸುವುದು ಇನ್ನೊಂದು. ಫೆರೈಟ್ ಯಂತ್ರ ಹಗುರ, ಖಾಲಿ ನಿಂತಾಗ ತಿನ್ನುವ ವಿದ್ಯುತ್ತೂ ಕಡಿಮೆ. ಕಬ್ಬಿಣದ್ದು ಸುಮಾರು ಮೂವತ್ತು ಕಿಲೋ ಭಾರ, ಸುಮ್ಮನಿದ್ದರೂ ನಲವತ್ತೈದು ವ್ಯಾಟ್ ತಿನ್ನುತ್ತದೆ. ಆದರೂ ಕಬ್ಬಿಣವನ್ನೇ ಆರಿಸಿದೆ. ಫೆರೈಟ್ ಯಂತ್ರದಲ್ಲಿ ಆರಂಭದ ಐದೂವರೆ ಕಿಲೋವ್ಯಾಟ್ ಎರಡೂ ಹಂತಗಳ ಪ್ರತಿಯೊಂದು ಸ್ವಿಚ್ಚಿನ ಮೂಲಕ ಹಾಯಬೇಕು, ಅಲ್ಲಿ ತಪ್ಪಿಗೆ ಸಿಗುವ ಅವಕಾಶ ಮೈಕ್ರೋಸೆಕೆಂಡುಗಳದ್ದು. ಸಾಮಾನ್ಯ ಪವರ್ ಫೆರೈಟಿನ ಸ್ಯಾಚುರೇಶನ್ ಮಿತಿ (ಅದು ತಾಳಬಲ್ಲ ಗರಿಷ್ಠ ಕಾಂತತೆ) 25 ಡಿಗ್ರಿಯಲ್ಲಿ ಸುಮಾರು 0.49 ಟೆಸ್ಲಾ ಇದ್ದರೆ 100 ಡಿಗ್ರಿಯಲ್ಲಿ 0.39ಕ್ಕೆ ಇಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಶೆಡ್ಡಿನೊಳಗೆ 44 ಡಿಗ್ರಿ ಮುಟ್ಟುವಲ್ಲಿ ಈ ಇಳಿಕೆ ಕಡೆಗಣಿಸುವಂಥದ್ದಲ್ಲ. ಕಬ್ಬಿಣದ ಟ್ರಾನ್ಸ್‌ಫಾರ್ಮರಿಗಾದರೆ ಒಂದು ಸೆಕೆಂಡಿನ ನಾಲ್ಕು ಪಟ್ಟು ಹೊರೆ ಎಂದರೆ ತಾಮ್ರ ಕೊಂಚ ಬೆಚ್ಚಗಾಗುವುದಷ್ಟೇ. ಇದಲ್ಲದೆ, ಅದು ಸುಟ್ಟರೆ ಬಿಚ್ಚಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಅವರ ಊರಲ್ಲೇ ಇತ್ತು.

ಮೂರನೆಯ ನಿರ್ಧಾರದಲ್ಲಿ ನಾನು ತಪ್ಪಿದೆ. ಇರುವ ಎರಡು ಬ್ಯಾಟರಿ ವ್ಯರ್ಥವಾಗಬಾರದೆಂಬ ಬೇಡಿಕೆಗೆ ಮಣಿದು 24 ವೋಲ್ಟನ್ನೇ ಉಳಿಸಿಕೊಂಡೆ. ಇನ್ನೆರಡು ಬ್ಯಾಟರಿಗಳ ಬೆಲೆ ನಮ್ಮ ಎಲೆಕ್ಟ್ರಾನಿಕ್ಸ್ ಭಾಗದ ಬೆಲೆಗಿಂತ ಹೆಚ್ಚಾಗುತ್ತಿದ್ದುದರಿಂದ ಆ ಖರ್ಚನ್ನು ಅವರ ಮೇಲೆ ಹೇರಲು ಮನಸ್ಸು ಬರಲಿಲ್ಲ.

ಮೊದಲ ಯಂತ್ರ

ಬ್ಯಾಟರಿಗಳನ್ನು ಶೆಡ್ಡಿನಲ್ಲಿ ಇಡುವಂತಿರಲಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ಬ್ಯಾಟರಿ, ಗಾಳಿಯಲ್ಲಿ ತೇಲುವ ಹತ್ತಿಯ ನವಿರು ಧೂಳು, ಸ್ವಿಚ್ಚಿನ ಕಿಡಿ ಈ ಮೂರೂ ಒಂದೇ ಕೋಣೆಯಲ್ಲಿರುವುದು ಯಾವ ಉಳಿತಾಯಕ್ಕೂ ಒಪ್ಪುವ ಮಾತಲ್ಲ. ಹೊರಗಿನ ಪಡಸಾಲೆಯಲ್ಲಿ ಗಾಳಿಯಾಡುವ ಸ್ಟ್ಯಾಂಡ್ ಮಾಡಿಸಿದೆವು. ಇದರಿಂದ ಕೇಬಲ್ ಹೋಗಿ ಬರಲು ಒಟ್ಟು 8 ಮೀಟರ್ ಆಯಿತು.

25 ಚದರ ಮಿಲಿಮೀಟರ್ ತಾಮ್ರದ ಕೇಬಲ್ 8 ಮೀಟರಿಗೆ ಸುಮಾರು 6 ಮಿಲಿಓಮ್. ಎರಡು ಬ್ಯಾಟರಿಗಳ ಒಳತಡೆ ಸೇರಿ ಇನ್ನು 10 ಮಿಲಿಓಮ್. ಐದೂವರೆ ಕಿಲೋವ್ಯಾಟನ್ನು 24 ವೋಲ್ಟಿನಿಂದ ಎಳೆಯಲು ಹೊರಟರೆ ಕರೆಂಟು 250 ಆಂಪಿಯರ್ ದಾಟುತ್ತದೆ, 16 ಮಿಲಿಓಮ್‌ನಲ್ಲಿ ನಾಲ್ಕು ವೋಲ್ಟ್ ಇಳಿಯುತ್ತದೆ. 24.5 ಇದ್ದದ್ದು 20.5ಕ್ಕೆ ಬಂದಾಗ, 21 ವೋಲ್ಟಿನಲ್ಲಿ ಬ್ಯಾಟರಿ ಕಾಯುವ ಕಟ್-ಆಫ್ ತನ್ನ ಕೆಲಸ ಮಾಡಿ ಯಂತ್ರವನ್ನು ನಿಲ್ಲಿಸುತ್ತಿತ್ತು. ಬ್ಯಾಟರಿ ಪೂರ್ತಿ ಚಾರ್ಜ್ ಇದ್ದಾಗಲೂ ಹೀಗೇ. ಕಟ್-ಆಫ್‌ಗೆ ಎರಡು ಸೆಕೆಂಡು ತಡ ಸೇರಿಸಿದೆವು. ಯಂತ್ರ ನಿಲ್ಲಲಿಲ್ಲ, ಆದರೆ ಕರೆಂಟನ್ನು ಕಡಿದು ಜೋಡಿಸುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾದ ಮಾಸ್ಫೆಟ್‌ಗಳು ಒಡೆದವು.

ಒಡೆದದ್ದರ ಕಾರಣ ಕಂಡುಹಿಡಿಯಲು ಎರಡು ದಿನ ಹಿಡಿಯಿತು. ನಾಲ್ಕು ಗುಂಪುಗಳಲ್ಲಿ ಒಂದು ಗುಂಪಿನ ಆರೂ ಮಾಸ್ಫೆಟ್‌ಗಳ ಮೈ ಸೀಳಿತ್ತು, ಬೋರ್ಡಿನ ಮೇಲೆ ಕರಿಯ ಕಲೆ. ಬಳಸಿದ್ದು 55 ವೋಲ್ಟಿನ ಮಾಸ್ಫೆಟ್. ನಾಲ್ಕು ಗುಂಪುಗಳ ಈ ಪೂರ್ಣ ಸೇತುವೆ ಜೋಡಣೆಯಲ್ಲಿ ಅದಕ್ಕೆ ಬೀಳುವುದು ಬ್ಯಾಟರಿಯ ವೋಲ್ಟೇಜ್ ಮಾತ್ರ, ಹೆಚ್ಚೆಂದರೆ 28.8; ಸಾಕಷ್ಟು ಅಂತರ ಇದೆ ಎಂದೇ ಲೆಕ್ಕ ಹಾಕಿದ್ದೆ. ಆದರೆ ಆಸಿಲೋಸ್ಕೋಪಿನ ತುದಿಗಳನ್ನು ನೇರ ಮಾಸ್ಫೆಟ್ ಕಾಲಿಗೇ ಹಿಡಿದು ನೋಡಿದಾಗ, ಕರೆಂಟು ಕಡಿಯುವ ಕ್ಷಣದಲ್ಲಿ 60 ವೋಲ್ಟ್ ದಾಟಿದ ಒಂದು ಚೂಪು ಮುಳ್ಳು ಕಂಡಿತು. ಡಿಸಿ ಕೆಪ್ಯಾಸಿಟರ್‌ಗಳನ್ನು ನಾನು ಬ್ಯಾಟರಿ ಟರ್ಮಿನಲ್ಲಿನ ಬಳಿ, ಮಾಸ್ಫೆಟ್‌ಗಳಿಂದ ಒಂದು ಗೇಣು ದೂರದಲ್ಲಿ ಕೂರಿಸಿದ್ದೆ. ಆ ಒಂದು ಗೇಣಿನ ತಾಮ್ರದ ಪಟ್ಟಿಯ ಇಂಡಕ್ಟೆನ್ಸ್ (ಕರೆಂಟಿನ ಹಠಾತ್ ಬದಲಾವಣೆಯನ್ನು ವಿರೋಧಿಸುವ ಗುಣ) ಆ ಮುಳ್ಳಿಗೆ ಸಾಕಾಗಿತ್ತು. ಕೆಪ್ಯಾಸಿಟರ್‌ಗಳನ್ನು ಮಾಸ್ಫೆಟ್‌ಗಳ ಮಗ್ಗುಲಿಗೆ ತಂದು, ಪ್ರತಿ ಗೇಟಿನ (ಮಾಸ್ಫೆಟ್ ನಿಯಂತ್ರಿಸುವ ಕಾಲಿನ) ರೆಸಿಸ್ಟರನ್ನು 10 ಓಮ್‌ನಿಂದ 22ಕ್ಕೆ ಏರಿಸಿದೆ. ಮುಳ್ಳು 40ರ ಒಳಗೆ ಬಂತು. ನಿಧಾನವಾಗಿ ಕಡಿಯುವುದರಿಂದ ಸ್ವಿಚಿಂಗ್ ನಷ್ಟ (ಕಡಿದು ಜೋಡಿಸುವಾಗ ಬಿಸಿಯಾಗಿ ಹೋಗುವ ಶಕ್ತಿ) ಹೆಚ್ಚಿ, ಆ ಬಿಸಿಯನ್ನು ಹೊರಬಿಡುವ ಲೋಹದ ಹೀಟ್‌ಸಿಂಕ್ ಇನ್ನಷ್ಟು ಬಿಸಿಯಾಯಿತು.

ಇಲ್ಲಿಗೆ ನಾನು ಯಜಮಾನರ ಮುಂದೆ ಕುಳಿತು ನೇರವಾಗಿ ಹೇಳಬೇಕಾಯಿತು: 24 ವೋಲ್ಟಿನಲ್ಲಿ ಇದು ಆಗುವುದಿಲ್ಲ, ಇನ್ನೆರಡು ಬ್ಯಾಟರಿ ಬೇಕು. ಅವರು ಎರಡು ವಾರ ಬಿಟ್ಟು ಒಪ್ಪಿದರು. ಆ ಎರಡು ವಾರ ಅವರು ಹಣ ಹೊಂದಿಸಿದ ಕಾಲ ಎಂಬುದನ್ನು ನಾನು ಮರೆತಿಲ್ಲ.

ಎರಡನೆಯ ಯಂತ್ರ

48 ವೋಲ್ಟಿನಲ್ಲಿ ಕರೆಂಟು ಅರ್ಧವಾಯಿತು. 100 ವೋಲ್ಟ್ ತಾಳುವ ಮಾಸ್ಫೆಟ್‌ಗಳಿಗೆ ಬೆಲೆ ಹೆಚ್ಚು, ಅದೇ ಬೆಲೆಯಲ್ಲಿ ಸಿಗುವವುಗಳಿಗೆ ತಡೆ ಹೆಚ್ಚು. ಆದರೆ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಒಟ್ಟಾರೆ ಲಾಭವೇ ಆಯಿತು. ಆರಂಭದಲ್ಲಿ ಬ್ಯಾಟರಿ 49ರಿಂದ 45.7ಕ್ಕೆ ಇಳಿಯುತ್ತಿತ್ತು, ಕಟ್-ಆಫ್ ಇದ್ದದ್ದು 42ರಲ್ಲಿ. ಮತ್ತೆ ಮಾಸ್ಫೆಟ್ ಒಡೆಯಬಾರದೆಂದು ಕರೆಂಟಿನ ಮೇಲೆ ಒಂದು ಮಿತಿ ಇಟ್ಟೆ: ಹೊರೆ ಹೆಚ್ಚಾದರೆ ಯಂತ್ರವು ಹೊರವೋಲ್ಟೇಜನ್ನು ತಗ್ಗಿಸಿ ತನ್ನನ್ನು ಕಾಪಾಡಿಕೊಳ್ಳಬೇಕು. ಕಾರ್ಯಾಗಾರದಲ್ಲಿ ಒಂದು ಮೋಟಾರಿಗೆ ಗಾಲಿ ಕಟ್ಟಿ ಐವತ್ತು ಬಾರಿ ಆರಂಭಿಸಿ ನೋಡಿದೆವು. ಒಮ್ಮೆಯೂ ತಪ್ಪಲಿಲ್ಲ. ಸಮಾಧಾನದಿಂದ ಒಯ್ದು ಕೂರಿಸಿ ಬಂದೆವು.

ನಾಲ್ಕನೆಯ ದಿನ ಯಜಮಾನರ ಫೋನು: “ಸಾಹೇಬ್ರ, ಮಷೀನ್ ಚಲೋ ಐತಿ, ಮಗ್ಗಾನೂ ನಡ್ಯಾಕತ್ತೈತಿ. ಆದ್ರ ಅರಿವಿ ಕೆಡಾಕತ್ತೈತಿ, ಒಮ್ಮಿ ಬಂದ್ ನೋಡ್ರಿ.”

ಹೋಗಿ ನೋಡಿದಾಗ ಬಾಗಿಲ ಹಿಂದಿನ ಗೀಟುಗಳು ಮೊದಲಿಗಿಂತ ಹೆಚ್ಚಾಗಿದ್ದವು. ಯಜಮಾನಿ ಸೀರೆಯನ್ನು ಬೆಳಕಿಗೆ ಹಿಡಿದು ತೋರಿಸಿದರು: ಬೆರಳಗಲದ ಜಾಗದಲ್ಲಿ ಹೊಕ್ಕು ಸಡಿಲವಾಗಿ ಬಿದ್ದು, ಅದರ ಮುಂದೆ ಒಮ್ಮೆಲೇ ಬಿಗಿಯಾಗಿತ್ತು. ಮಗ್ಗ ನಿಮಿಷಕ್ಕೆ ನೂರಿಪ್ಪತ್ತರ ಸುಮಾರು ಹೊಕ್ಕು ಹಾಕುತ್ತದೆ, ಅಂದರೆ ಒಂದೊಂದಕ್ಕೆ ಅರ್ಧ ಸೆಕೆಂಡು. ಹೊಕ್ಕನ್ನು ಒತ್ತಿ ಕೂರಿಸುವ ಹಣಿಗೆಯ ಮೊದಲ ಬಡಿತಕ್ಕೇ ಮಗ್ಗ ಪೂರ್ಣ ವೇಗದಲ್ಲಿರಬೇಕು, ಇಲ್ಲದಿದ್ದರೆ ಹೊಕ್ಕು ಸರಿಯಾಗಿ ಕೂರುವುದಿಲ್ಲ. ನನ್ನ ಕರೆಂಟ್ ಮಿತಿಯು ಆರಂಭದಲ್ಲಿ ವೋಲ್ಟೇಜನ್ನು 140ರ ಸುಮಾರಿಗೆ, ಅಂದರೆ ಶೇ 60ಕ್ಕೆ ಇಳಿಸುತ್ತಿತ್ತು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ; ಶೇ 60 ವೋಲ್ಟೇಜಿಗೆ ಉಳಿಯುವುದು ಶೇ 36 ಬಲ. ಎದ್ದು ನಿಲ್ಲಲು ಒಂದೂವರೆ ಸೆಕೆಂಡು ಹಿಡಿದ ಮಗ್ಗ ಮೊದಲ ಮೂರು ಹೊಕ್ಕುಗಳನ್ನು ಹಾಳು ಮಾಡುತ್ತಿತ್ತು. ಅಷ್ಟು ಹೊತ್ತು ಮೋಟಾರಿನ ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಬಂದಾಗ ಸ್ಟಾರ್ಟಿಂಗ್ ಕೆಪ್ಯಾಸಿಟರನ್ನು ಕಳಚುವುದು) ಬಿಡದೆ ಇರುತ್ತಿದ್ದುದರಿಂದ, ಕ್ಷಣಕಾಲದ ಬಳಕೆಗೆಂದೇ ಮಾಡಿದ ಸ್ಟಾರ್ಟಿಂಗ್ ಕೆಪ್ಯಾಸಿಟರ್ ಕೂಡ ಕೈಗೆ ಬಿಸಿ ತಾಗುವಷ್ಟು ಕಾಯ್ದಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಒಂದು ಮಗ್ಗ ನಡೆಯುತ್ತಿರುವಾಗ ಇನ್ನೊಂದನ್ನು ಆರಂಭಿಸಿದರೆ ಎರಡರ ವೋಲ್ಟೇಜೂ ಒಟ್ಟಿಗೇ ಕುಸಿಯುತ್ತಿತ್ತು. ನಡೆಯುತ್ತಿದ್ದ ಮಗ್ಗದಲ್ಲಿ ಹೊಕ್ಕಿನ ನೂಲು ಒಯ್ಯುವ ಲಾಳಿಗೆ ಹೊಡೆತದ ಬಲ ಸಾಲದೆ ಎದುರು ಪೆಟ್ಟಿಗೆ ಮುಟ್ಟುವ ಮೊದಲೇ ಹಾಸಿನ (ಉದ್ದ ಎಳೆಗಳ) ನಡುವೆ ನಿಂತು, ಒಮ್ಮೆ ಅಂಗೈ ಅಗಲದಷ್ಟು ಎಳೆಗಳನ್ನು ಹರಿದಿತ್ತು. ಅವುಗಳನ್ನು ಒಂದೊಂದಾಗಿ ಹುಡುಕಿ ಕಟ್ಟಲು ಅವರಿಗೆ ಅರ್ಧ ದಿನ ಹೋಗಿತ್ತು. ನನ್ನ ಯಂತ್ರ ತನ್ನನ್ನು ಕಾಪಾಡಿಕೊಂಡು ಅವರ ಬಟ್ಟೆಯನ್ನು ಹರಿದಿತ್ತು. ಕಾರ್ಯಾಗಾರದ ಐವತ್ತು ಪರೀಕ್ಷೆಗಳಲ್ಲಿ ನಾವು ನೋಡಿದ್ದು ಮೋಟಾರು ತಿರುಗಿತೇ ಇಲ್ಲವೇ ಎಂಬುದನ್ನು ಮಾತ್ರ. ಗಾಲಿಗೆ ಹಾಸು-ಹೊಕ್ಕು ಇರಲಿಲ್ಲ.

ತಿರುವು

ಶೆಡ್ಡಿನಲ್ಲೇ ಕುಳಿತು ಲೆಕ್ಕ ಮಾಡಿದೆ. ಮಿತಿ ತೆಗೆದು ಪೂರ್ತಿ 38 ಆಂಪಿಯರ್ ಕೊಡಬೇಕಾದರೆ, ಇನ್ನೊಂದು ಮಗ್ಗದ ಹೊರೆಯನ್ನೂ ಸೇರಿಸಿ 10 ಕೆವಿಎ ಹತ್ತಿರದ ಯಂತ್ರ ಬೇಕು. ಮಾಸ್ಫೆಟ್ ಮೂರು ಪಟ್ಟು, ಟ್ರಾನ್ಸ್‌ಫಾರ್ಮರ್ ಎರಡು ಪಟ್ಟಿಗೂ ಹೆಚ್ಚು, ಖಾಲಿ ನಷ್ಟ ಸುಮಾರು ಇಮ್ಮಡಿ. ದಿನಕ್ಕೆ ಕೆಲವೇ ಸೆಕೆಂಡು ಬೇಕಾಗುವ ಸಾಮರ್ಥ್ಯಕ್ಕಾಗಿ ಇಡೀ ದಿನ ಬ್ಯಾಟರಿ ಸವೆಸುವ ಯಂತ್ರ ಅದು. ಆ ಕುಟುಂಬಕ್ಕೆ ಅದರ ಬೆಲೆ ಹೇಳುವ ಧೈರ್ಯವೂ ನನಗಿರಲಿಲ್ಲ.

ಹರಿದ ಹಾಸನ್ನು ಸರಿಮಾಡಲು ಬಂದಿದ್ದ ಮಗ್ಗದ ಮಿಸ್ತ್ರಿಯೊಬ್ಬರು, ಎಪ್ಪತ್ತರ ಆಸುಪಾಸಿನವರು, ನಮ್ಮ ಮಾತು ಕೇಳುತ್ತ ನಿಂತಿದ್ದರು. “ಮೋಟರ್ ಮೊದಲ ತಿರಗಲಿ ಬಿಡ್ರಿ, ಮಗ್ಗಾ ಆಮ್ಯಾಲೆ ಹಿಡಸೂಣು,” ಎಂದರು. ಹಳೆಯ ಮಗ್ಗಗಳಲ್ಲಿ ಕ್ಲಚ್ ಪುಲ್ಲಿ ಇರುತ್ತಿತ್ತಂತೆ: ಮೋಟಾರು ಸದಾ ಸುತ್ತುತ್ತಿರುತ್ತದೆ, ಹಿಡಿ ಎಳೆದಾಗ ಮಾತ್ರ ಮಗ್ಗ ಅದಕ್ಕೆ ಕಚ್ಚಿಕೊಳ್ಳುತ್ತದೆ. ಈ ಮಗ್ಗಗಳನ್ನು ಸೆಕೆಂಡ್‌ಹ್ಯಾಂಡ್ ಕೊಂಡಾಗ ಕ್ಲಚ್ ಸವೆದಿದೆಯೆಂದು ಅದನ್ನು ತೆಗೆದು ನೇರ ಪುಲ್ಲಿ ಹಾಕಿಸಿದ್ದರು.

ಅವರ ಮಾತಿನಲ್ಲಿದ್ದ ಎಂಜಿನಿಯರಿಂಗ್ ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಮೋಟಾರಿಗೆ ಹೊರೆ ಇರಲಿ ಇಲ್ಲದಿರಲಿ, ನಿಂತ ಸ್ಥಿತಿಯಿಂದ ಪೂರ್ಣ ವೋಲ್ಟೇಜಿನಲ್ಲಿ ಎದ್ದರೆ ಮೊದಲ ಕರೆಂಟು ಅದೇ 38 ಆಂಪಿಯರ್. ಕ್ಲಚ್ ಇದ್ದಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಆದರೆ ಮಗ್ಗ ಕಚ್ಚಿಕೊಂಡಿಲ್ಲದಿದ್ದರೆ ಮೋಟಾರು ನಿಧಾನವಾಗಿ ಎದ್ದರೂ ಕೆಡಲು ಅಲ್ಲಿ ಬಟ್ಟೆ ಇಲ್ಲ. ಅರ್ಧ ವೋಲ್ಟೇಜಿನಿಂದ ಮೇಲೇರಿಸಬಹುದು. ಅರ್ಧ ವೋಲ್ಟೇಜಿಗೆ ಅರ್ಧ ಕರೆಂಟು, ಅಂದರೆ ಕಾಲು ಭಾಗ ಶಕ್ತಿ: ಐದೂವರೆ ಕಿಲೋವ್ಯಾಟ್ ಇದ್ದದ್ದು 1.4ಕ್ಕೆ ಇಳಿಯುತ್ತದೆ. ಮಗ್ಗವನ್ನು ಅರ್ಧ ಸೆಕೆಂಡಿನಲ್ಲಿ ಎಬ್ಬಿಸುವ ಬಲವನ್ನು ಬ್ಯಾಟರಿಯ ಬದಲು ಸುತ್ತುತ್ತಿರುವ ಭಾರದ ಪುಲ್ಲಿ ಕೊಡುತ್ತದೆ, ಖರ್ಚಾದ ವೇಗವನ್ನು ಮೋಟಾರು ಆಮೇಲೆ ತುಂಬಿಕೊಳ್ಳುತ್ತದೆ.

ಊರಿನ ಲೇಥ್ ಅಂಗಡಿಯಲ್ಲಿ ಎರಡು ಕ್ಲಚ್ ಪುಲ್ಲಿ ಮಾಡಿಸಿದೆವು. ವೋಲ್ಟೇಜ್ ಏರಿಕೆ ಎರಡೂ ಮಗ್ಗಗಳಿಗೆ ಸಾಮಾನ್ಯವಾದ್ದರಿಂದ ಒಂದು ನಿಯಮ ಬೇಕಾಯಿತು: ಕರೆಂಟು ಇಲ್ಲದಾಗ ಎರಡೂ ಮೋಟಾರುಗಳನ್ನು ಒಟ್ಟಿಗೇ ಎಬ್ಬಿಸಬೇಕು, ಒಂದನ್ನೇ ಬೇರೆಯಾಗಿ ಎಬ್ಬಿಸಬಾರದು. ಬಟನ್ನು ಒಂದೇ ಇಟ್ಟು ಈ ನಿಯಮವನ್ನು ವೈರಿಂಗಿನಲ್ಲೇ ಕಟ್ಟಿದೆವು. ಇನ್ವರ್ಟರ್ ಸದಾ ಲೈನಿನ ಅಲೆಯನ್ನು ಅನುಸರಿಸುವಂತೆ ಪ್ರೋಗ್ರಾಮ್ ಬದಲಿಸಿದ್ದರಿಂದ, ಕರೆಂಟು ಹೋದಾಗ ಸುತ್ತುತ್ತಿರುವ ಮೋಟಾರು ಅಲೆ ತಪ್ಪದೆ ಬ್ಯಾಟರಿಗೆ ದಾಟಿಕೊಂಡಿತು. ಹಾಗೆ ಮಾಡದಿದ್ದರೆ ಮೋಟಾರಿನೊಳಗೆ ಉಳಿದ ವೋಲ್ಟೇಜಿಗೂ ಇನ್ವರ್ಟರಿನದಕ್ಕೂ ಡಿಕ್ಕಿಯಾಗಿ ಆರಂಭಕ್ಕಿಂತ ದೊಡ್ಡ ಕರೆಂಟು ಹರಿಯಬಹುದಿತ್ತು.

ಧೂಳು ಮತ್ತು ಶಿಳ್ಳೆ

ಇದೆಲ್ಲ ಆಗಿ ನಲವತ್ತು ದಿನಕ್ಕೆ ಯಂತ್ರ ಬಿಸಿಯಾಗಿ ನಿಲ್ಲತೊಡಗಿತು. ಮುಚ್ಚಳ ತೆಗೆದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹತ್ತಿಯ ಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡು ಕೂತಿತ್ತು. ಚಿಮಟದಿಂದ ಹಿಡಿದೆಳೆದರೆ ಹಾಳೆಯಾಗಿ ಬಂತು. ತಂಪು ಮಾಡಲೆಂದು ಇಟ್ಟ ಫ್ಯಾನೇ ಅದನ್ನು ಅಲ್ಲಿಗೆ ಎಳೆದು ತಂದಿತ್ತು. ಮಾಸ್ಫೆಟ್ ಬಿಸಿಯಾದಷ್ಟೂ ಅದರ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಇನ್ನಷ್ಟು ಬಿಸಿ. ಜಾಳಿಗೆ ಹಾಕಿ ವಾರಕ್ಕೊಮ್ಮೆ ಝಾಡಿಸಿ ಎಂದು ಹೇಳಬಹುದಿತ್ತು, ಆದರೆ ಹದಿನಾಲ್ಕು ತಾಸು ದುಡಿಯುವ ಮನೆಯ ಮೇಲೆ ಇನ್ನೊಂದು ಕೆಲಸ ಹೊರಿಸುವ ವಿನ್ಯಾಸ ಸರಿಯಲ್ಲವೆನಿಸಿತು. ಫ್ಯಾನನ್ನೇ ತೆಗೆದು, ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ದಪ್ಪ ರೆಕ್ಕೆಗಳ ದೊಡ್ಡ ಹೀಟ್‌ಸಿಂಕನ್ನು ಹೊರಬದಿಗೆ ನೆಟ್ಟಗೆ ನಿಲ್ಲಿಸಿದೆವು. ಅಲ್ಯೂಮಿನಿಯಂ ಖರ್ಚು ಹೆಚ್ಚಾಯಿತು.

ಫ್ಯಾನ್ ಇಲ್ಲದೆ ನಿಭಾಯಿಸಲು ನಷ್ಟವನ್ನೂ ತಗ್ಗಿಸಬೇಕಿತ್ತು. ಸ್ವಿಚಿಂಗ್ ಆವರ್ತನವನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಕಡಿಯುತ್ತದೆಂಬುದನ್ನು, 16 ಕಿಲೋಹರ್ಟ್ಜ್‌ನಿಂದ 8ಕ್ಕೆ ಇಳಿಸಿದೆ. ಸ್ವಿಚಿಂಗ್ ನಷ್ಟ ಅರ್ಧವಾಯಿತು. 8 ಕಿಲೋಹರ್ಟ್ಜ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಕಿವಿಗೆ ಚುಚ್ಚುವ ಶಿಳ್ಳೆ ಹಾಕುತ್ತದೆ, ಮನೆಯ ಇನ್ವರ್ಟರ್ ಆಗಿದ್ದರೆ ಯಾರೂ ಸಹಿಸುತ್ತಿರಲಿಲ್ಲ. ಎರಡು ಮಗ್ಗ ಬಡಿಯುವ ಶೆಡ್ಡಿನಲ್ಲಿ ಅದು ಯಾರಿಗೂ ಕೇಳುವುದಿಲ್ಲ.

ಫಲಿತಾಂಶ

ಕ್ಲಚ್‌ಗೂ ಬೆಲೆ ಇದೆ. ಮಗ್ಗ ನಿಂತಾಗಲೂ ಮೋಟಾರು ಸುತ್ತುತ್ತಿರುವುದರಿಂದ ಬ್ಯಾಟರಿ ಎರಡು ಗಂಟೆ ಹತ್ತು ನಿಮಿಷ ಬರುತ್ತಿದ್ದದ್ದು ಒಂದು ಗಂಟೆ ಐವತ್ತಕ್ಕೆ ಇಳಿಯಿತು. ಕ್ಲಚ್ಚಿನ ಲೈನರ್ ಸವೆಯುತ್ತದೆ, ಆಗಾಗ ಬಿಗಿ ಮಾಡಬೇಕು. ಯಜಮಾನರಿಗೆ ಇದನ್ನು ಮೊದಲೇ ವಿವರಿಸಿದ್ದೆ. ಇಪ್ಪತ್ತು ನಿಮಿಷ ಕಡಿಮೆಯಾದರೂ ಗೆರೆ ಬೀಳದ ಸೀರೆ ಬೇಕು ಎಂದರು. ಮೂರು ತಿಂಗಳ ನಂತರ ಹೋದಾಗ ಬಾಗಿಲ ಹಿಂದಿನ ಹಳೆಯ ಗೀಟುಗಳನ್ನು ಒರೆಸಿ ಹೊಸದಾಗಿ ಆರಂಭಿಸಿದ್ದರು, ಆ ತಿಂಗಳಲ್ಲಿ ಎರಡು ಇದ್ದವು. ಎರಡೂ ಹೊಕ್ಕಿನ ನೂಲು ಹರಿದು ಬಿದ್ದವೆಂದು ಯಜಮಾನಿ ಹೇಳಿದರು.

ನನ್ನನ್ನು ಇಂದಿಗೂ ಕಾಡುವುದು ನಿರ್ಧಾರಗಳ ಅನುಕ್ರಮ. ಅಲೆ, ಟ್ರಾನ್ಸ್‌ಫಾರ್ಮರ್, ವೋಲ್ಟೇಜ್, ಮಾಸ್ಫೆಟ್ ಎಂದು ಇನ್ವರ್ಟರಿನ ಒಳಗಿನಿಂದಲೇ ಆರಂಭಿಸಿ, ಮಗ್ಗವನ್ನು ಬದಲಿಸಲಾಗದ ಹೊರೆ ಎಂದು ಭಾವಿಸಿಬಿಟ್ಟಿದ್ದೆ. ಮೊದಲ ಭೇಟಿಯಲ್ಲೇ ಮಗ್ಗ ಹೇಗೆ ಏಳುತ್ತದೆ, ಏಳುವಾಗ ಬಟ್ಟೆಗೆ ಏನಾಗುತ್ತದೆ ಎಂದು ಮಿಸ್ತ್ರಿಯನ್ನು ಕೇಳಿದ್ದರೆ 250 ಆಂಪಿಯರಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ಆರಂಭಕ್ಕಾಗಿ 24 ವೋಲ್ಟೇ ಸಾಕಾಗುತ್ತಿತ್ತು. ಹೆಚ್ಚಿನ ಎರಡು ಬ್ಯಾಟರಿಗಳು ಕೇವಲ ಓಡುವ ಹೊತ್ತಿನ ಪ್ರಶ್ನೆಯಾಗಿ, ಕುಟುಂಬವು ತನಗೆ ಕೈಗೂಡಿದಾಗ ಕೊಳ್ಳಬಹುದಾದ ವಸ್ತುವಾಗಿ ಉಳಿಯುತ್ತಿದ್ದವು.

ಅದೇ ಓಣಿಯ ಇನ್ನೊಂದು ಮನೆಯವರು ಈಗ ಕೇಳಿದ್ದಾರೆ. ಅವರಲ್ಲಿಯೂ ಎರಡು ಮಗ್ಗ, ಎರಡು ಬ್ಯಾಟರಿ. ಕೈಲಿದ್ದ ಸೀರೆ ಮುಗಿಸುವಷ್ಟು, ಮುಕ್ಕಾಲು ಗಂಟೆ ನಡೆದರೆ ಸಾಕು ಎನ್ನುತ್ತಾರೆ. ಈ ಬಾರಿ ಮೊದಲು ಲೇಥ್ ಅಂಗಡಿಗೆ ಹೋಗಿ ಕ್ಲಚ್ ಪುಲ್ಲಿ ಮಾಡಿಸಿ, ಆಮೇಲೆ ಇನ್ವರ್ಟರಿನ ಕಾಗದ ತೆಗೆದೆ. ಹೋದ ವಾರ ಕಾರ್ಯಾಗಾರದಲ್ಲಿ 24 ವೋಲ್ಟಿಗೆ ಅದೇ 8 ಮೀಟರ್ ಕೇಬಲ್ ಹಾಕಿ ಎರಡೂ ಮೋಟಾರುಗಳನ್ನು ಒಟ್ಟಿಗೆ ಎಬ್ಬಿಸಿ ನೋಡಿದೆವು. ಕರೆಂಟು 130 ಆಂಪಿಯರ್ ಮುಟ್ಟಿತು, ಬ್ಯಾಟರಿ 22.4ರ ಕೆಳಗೆ ಇಳಿಯಲಿಲ್ಲ.